ಕೆಂಪು ಚೀಟಿಯ ಅಂಗಿ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಅಂಗಡಿಯ ಬಾಗಿಲು ತೆಗೆದು ಹತ್ತು ನಿಮಿಷವೂ ಆಗಿರಲಿಲ್ಲ. ನಾನು ಒಂದು ಬೂದು ಬಣ್ಣದ ಅಂಗಿಯನ್ನು ಹ್ಯಾಂಗರಿನಲ್ಲಿ ಎತ್ತಿ ಹಿಡಿದು ಇಸ್ತ್ರಿ ಮಾವನಿಗೆ ತೋರಿಸುತ್ತಿದ್ದೆ.

"ಕಲೆ ಎಲ್ಲಿತ್ತು ಹೇಳಿ ನೋಡೋಣ?"

ಮಾವ ಕನ್ನಡಕವನ್ನು ಹಣೆಗೇರಿಸಿ, ಮೂಗು ಬಟ್ಟೆಗೆ ತಾಗುವಷ್ಟು ಹತ್ತಿರ ಬಂದರು. ಅವರು ನಮಗೆ ಯಾವ ಕಡೆಯಿಂದಲೂ ಸಂಬಂಧಿಕರಲ್ಲ. ನಮ್ಮ ಲಾಂಡ್ರಿಯಲ್ಲಿ ಹದಿನೆಂಟು ವರ್ಷದಿಂದ ಇಸ್ತ್ರಿ ಮಾಡುತ್ತಿರುವವರು, ಅಷ್ಟೆ. ಬಂದ ದಿನದಿಂದ ಎಲ್ಲರಿಗೂ ಮಾವ.

"ಕಾಲರಿನಲ್ಲಿ?"

"ಅಲ್ಲ."

"ಬೆನ್ನಿಗೆ?"

"ಬೆನ್ನಿಗೆ ಬರೀ ಸುಣ್ಣ ಇತ್ತು, ಕೊಡವಿದ್ರೆ ಹೋಯ್ತು. ಕಫ್ ನೋಡಿ, ಕಫ್! ರಕ್ತ ಮಾವ, ಒಣಗಿದ ರಕ್ತ. ಬೇರೆಯವರಾಗಿದ್ರೆ ಬಿಸಿನೀರು ಹಾಕಿ ಜನ್ಮಕ್ಕೂ ಹೋಗದ ಹಾಗೆ ಕೂರಿಸ್ತಿದ್ರು."

"ಸೋತೆ ತಾಯಿ," ಎಂದು ಮಾವ ಕೈಮುಗಿದರು. "ನಿಮ್ಮ ಕೈಗೆ ಸಿಕ್ಕಿದ್ರೆ ಹುಲಿಯ ಪಟ್ಟೆನೂ ಹೋಗುತ್ತೆ."

ನನಗೆ ಈ ಮಾತು ಬೇಕಿತ್ತು. ಅದಕ್ಕೇ ತೋರಿಸುತ್ತಿದ್ದೆ. ಹೊಗಳಿಕೆ ಕಿವಿಗೆ ಬಿದ್ದ ಮೇಲೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. "ಯಾವಳೋ ಏನೋ," ಎಂದೆ. "ಹೊಸ ಅಂಗಿ ಹಾಕ್ಕೊಂಡು ಎಲ್ಲಿ ಕುಣಿಯೋಕೆ ಹೋಗಿದ್ಲೋ. ಗುಂಡಿನೂ ಇಲ್ಲ, ಹೊಲಿಗೆನೂ ಇಲ್ಲ. ಹೆಸರು ಕೂಡ ಬರೆಸಿಲ್ಲ. ಮನೇಲಿ ಗೊತ್ತಾದ್ರೆ ಚರ್ಮ ಸುಲೀತಾರೆ ಅಂತ ಇಲ್ಲಿ ತಂದು ಬಚ್ಚಿಟ್ಟಿದ್ದಾಳೆ."

ಮಾವ ನಕ್ಕರು. ನಾನೂ ನಕ್ಕೆ. ನಗುತ್ತಲೇ ತಿರುಗಿದಾಗ ಬಾಗಿಲಲ್ಲಿ ನನ್ನ ನಾದಿನಿ ನಿಂತಿದ್ದಳು.

ನಾನು ಮದುವೆಯಾಗಿ ಬಂದಾಗ ಅವಳಿಗೆ ಒಂಬತ್ತು ವರ್ಷ. ಒಂದು ಕಡೆ ಕೂರದೆ ಹಾರಾಡುತ್ತಿದ್ದಳೆಂದು ನಾನೇ ಗುಬ್ಬಿ ಎಂದು ಕರೆದೆ, ಆ ಹೆಸರೇ ನಿಂತಿತು. ಈಗ ಇಪ್ಪತ್ತಾರು. ನಮ್ಮ ಅಂಗಡಿಯ ಕೌಂಟರ್ ಅವಳದು. ಬಟ್ಟೆ ತೆಗೆದುಕೊಳ್ಳುವುದು, ಚೀಟಿ ಬರೆಯುವುದು, ದೊಡ್ಡ ಗಿರಾಕಿಗಳ ಹತ್ತಿರ ಹೋಗಿ ಗಂಟು ತರುವುದು. ಎರಡು ರಸ್ತೆಯಾಚೆ ಒಬ್ಬ ಟೀಚರ್ ಜೊತೆ ರೂಮು ಮಾಡಿಕೊಂಡಿದ್ದಾಳೆ. "ನಿಮ್ಮ ಗೊರಕೆ ಅಲ್ಲ ಅತ್ತಿಗೆ, ಅಣ್ಣನ ಗೊರಕೆ ತಡೆಯೋಕಾಗಲ್ಲ," ಎಂದು ಹೇಳಿ ಹೋದವಳು.

"ಬಾರೇ," ಎಂದೆ. "ಈ ಚೀಟಿ ನೀನೇ ಬರೆದಿದ್ದಲ್ವಾ? ಯಾರದ್ದೇ ಇದು? ಹೆಸರಿಲ್ಲ, ಫೋನ್ ನಂಬರಿಲ್ಲ. ಹೋಗಲಿ, ಇದನ್ನ ನೋಡು. ಒಂದು ಚುಕ್ಕಿ ಹುಡುಕು ನೋಡೋಣ!"

ಅವಳು ಅಂಗಿಯ ಹತ್ತಿರ ಬಂದಳು. ಬಲಗೈಯ ಕಫ್ಫನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಳು. ನಾನು ಹೊಲಿದು ಕೂರಿಸಿದ್ದ ಭುಜವನ್ನು ಮುಟ್ಟಿದಳು. ಹೊಸದಾಗಿ ಹಾಕಿದ್ದ ಗುಂಡಿಗಳನ್ನು ಮುಟ್ಟಿದಳು.

"ತೊಳೆದ್ರಾ?"

"ಇಲ್ಲ, ಮುದ್ದು ಮಾಡಿದೆ! ತೊಳೀದೆ ಹೀಗಾಗುತ್ತಾ?"

"ಎರಡನ್ನೂ?"

"ಪ್ಯಾಂಟೂ ಆಯ್ತು. ಅದು ಸುಲಭ ಇತ್ತು."

ಗುಬ್ಬಿ ಕೂತುಬಿಟ್ಟಳು. ಕುರ್ಚಿಯ ಮೇಲಲ್ಲ, ನೆಲದ ಮೇಲೂ ಅಲ್ಲ. ಮದುವೆ ಹಾಲಿನಿಂದ ತಂದಿದ್ದ ಮೇಜುಬಟ್ಟೆಗಳ ಗಂಟಿನ ಮೇಲೆ ಕೂತಳು. ಒಂದು ಕ್ಷಣವಷ್ಟೆ. ತಕ್ಷಣ ಎದ್ದು, ಆ ಗಂಟನ್ನು ಕಾಲಲ್ಲಿ ದೂರ ತಳ್ಳಿ, ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

"ಏನಾಯ್ತು ಅದಕ್ಕೆ?" ಎಂದರು ಮಾವ.

"ಬೆಳಿಗ್ಗೆ ಏನೂ ತಿಂದಿರಲ್ಲ," ಎಂದೆ.

ನಮ್ಮ ಕಸುಬಿನ ಒಂದು ಕ್ರಮವನ್ನು ಇಲ್ಲಿ ಹೇಳಬೇಕು. ಸಾದಾ ಬಟ್ಟೆಗೆ ಬಿಳಿ ಚೀಟಿ. ಹೋಗುವುದೋ ಇಲ್ಲವೋ ಗೊತ್ತಿಲ್ಲದ ಕಲೆಯಿದ್ದರೆ ಕೆಂಪು ಚೀಟಿ. ಕೆಂಪು ಚೀಟಿ ಕಟ್ಟಿದ ಬಟ್ಟೆಯನ್ನು ಗಿರಾಕಿಯನ್ನು ಕೇಳದೆ ನೀರಿಗೆ ಹಾಕುವಂತಿಲ್ಲ. ಕಲೆಯ ಜೊತೆ ಬಣ್ಣವೂ ಹೋದೀತು, ಆಮೇಲೆ ಜಗಳ. ಈ ನಿಯಮ ಮಾಡಿದವಳು ನಾನೇ. ಹತ್ತು ವರ್ಷದಿಂದ ಅದನ್ನು ಮುರಿಯುತ್ತಿರುವವಳೂ ನಾನೇ. ಕೆಂಪು ಚೀಟಿಯ ಬಟ್ಟೆಗಳನ್ನು ಮೇಲಿನ ಕಪಾಟಿನಲ್ಲಿ ಇಟ್ಟಿರುತ್ತೇವೆ. ಭಾನುವಾರ ಅಂಗಡಿ ಮುಚ್ಚಿರುವಾಗ ನಾನು ಒಬ್ಬಳೇ ಬಂದು, ಒಂದೊಂದನ್ನೇ ಇಳಿಸಿ, ಯಾರನ್ನೂ ಕೇಳದೆ ಕಲೆ ತೆಗೆಯುತ್ತೇನೆ. ಗಿರಾಕಿಯನ್ನು ಕೇಳಿಯೇ ತೆಗೆದೆ ಎಂದು ಅಂಗಡಿಯವರು ಅಂದುಕೊಂಡಿದ್ದಾರೆ. ಆಮೇಲೆ ಗಿರಾಕಿಯ ಮುಖ ಅರಳುವುದನ್ನು ನೋಡುತ್ತೇನೆ. ಹತ್ತು ವರ್ಷದಲ್ಲಿ ಒಬ್ಬರೂ "ಯಾಕೆ ತೆಗೆದೆ" ಎಂದಿರಲಿಲ್ಲ.

ಈ ಅಂಗಿ, ಪ್ಯಾಂಟು ಕೆಂಪು ಚೀಟಿ ಕಟ್ಟಿದ ಕಂದು ಬಣ್ಣದ ಕಾಗದದ ಚೀಲದಲ್ಲಿದ್ದವು. ಅದೇ ವಿಚಿತ್ರ ಅನಿಸಿತ್ತು. ನಮ್ಮಲ್ಲಿ ಎಲ್ಲವೂ ಪ್ಲಾಸ್ಟಿಕ್ ಚೀಲ.

ಒಂದು ಲೋಟ ನೀರು ಹಿಡಿದು ಹಿಂದಿನ ಕೋಣೆಗೆ ಹೋದೆ. ಬಾಗಿಲು ಪೂರ್ತಿ ಹಾಕಿರಲಿಲ್ಲ. ಬಾಯ್ಲರ್ ಕಾಯುತ್ತಿದ್ದ ಸದ್ದಿನ ನಡುವೆ ಅವಳ ದನಿ ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದಳು.

"ನಾನು ಶನಿವಾರ ಮಾಡಿದ್ದೆ... ಹೌದು, ಲಾಂಡ್ರಿಯವಳು... ಇಟ್ಟಿದ್ದೆ, ನೀವು ಹೇಳಿದ ಹಾಗೇ ಪೇಪರ್ ಚೀಲದಲ್ಲೇ ಇಟ್ಟಿದ್ದೆ. ರೂಮಲ್ಲಿಟ್ರೆ ಟೀಚರ್ ನೋಡ್ತಾಳೆ ಅಂತ ಅಂಗಡಿಯಲ್ಲಿಟ್ಟೆ. ಅಲ್ಲಿ ಕೇಳದೆ ಯಾರೂ ಮುಟ್ಟಲ್ಲ... ತೊಳೆದುಬಿಟ್ರು. ಇಲ್ಲ, ನಮ್ಮತ್ತಿಗೆ. ಅವರಿಗೆ ಗೊತ್ತಿಲ್ಲ. ಏನೂ ಉಳಿದಿಲ್ಲ. ಗುಂಡಿನೂ ಹಾಕಿಬಿಟ್ಟಿದ್ದಾರೆ..." ಇಲ್ಲಿ ಅವಳ ದನಿ ಒಂದು ಥರ ನಗುವಿನಂತೆ ಒಡೆಯಿತು. "ಇವತ್ತು ಹನ್ನೊಂದಕ್ಕೆ ನಿಮ್ಮವರು ಆಸ್ಪತ್ರೆಗೆ ಬರ್ತಾರೆ ಅಂದ್ರಲ್ಲ, ಬೇಡ ಅನ್ನಿ. ನಾನು ಬರಲ್ಲ. ಬಂದು ಏನು ತೋರಿಸ್ಲಿ? ಅವನು ಇಲ್ಲ ಅಂತಾನೆ, ನಾನು ಹೌದು ಅಂತೀನಿ. ಮುಗೀತಲ್ಲ."

ಲೋಟ ಹಿಡಿದು ಬಾಗಿಲ ಹೊರಗೇ ನಿಂತೆ. ಅವಳು ಹೇಳಿದ ಒಂದೊಂದು ಮಾತೂ ಅರ್ಥವಾಗಿತ್ತು. ಒಟ್ಟು ಸೇರಿಸಲು ಮಾತ್ರ ಮನಸ್ಸು ಒಪ್ಪುತ್ತಿರಲಿಲ್ಲ. ಅಂಗಿ ಯಾರೋ ಗಿರಾಕಿಯದು. ಗುಬ್ಬಿ ಆ ಗಿರಾಕಿಯ ಪರವಾಗಿ ಮಾತಾಡುತ್ತಿದ್ದಾಳೆ. ಇಷ್ಟು ಹೊತ್ತು, ಅಂದರೆ ಎರಡು ಉಸಿರಿನಷ್ಟು ಹೊತ್ತು, ನಾನು ಅದನ್ನು ನಂಬಿ ನಿಂತಿದ್ದೆ.

ಆಮೇಲೆ ಶುಕ್ರವಾರದ ಬೆಳಿಗ್ಗೆ ನೆನಪಾಯಿತು.

ನಾನು ಯಂತ್ರದ ಮುಂದೆ ಬಗ್ಗಿದ್ದೆ. ಬೆನ್ನ ಹಿಂದೆ ಗುಬ್ಬಿ ಬಂದು ನಿಂತು, "ಅತ್ತಿಗೆ, ಹೊಸ ಅಂಗಿ. ಹೇಗಿದೆ?" ಎಂದಿದ್ದಳು. ನಾನು ತಿರುಗದೆ "ಚೆನ್ನಾಗಿದೆ" ಎಂದಿದ್ದೆ. "ನೋಡಿ ಹೇಳ್ರೀ!" ಎಂದಳು. "ನಿನಗೆ ಏನು ಹಾಕಿದ್ರೂ ಚೆನ್ನಾಗಿರುತ್ತೆ, ಹೋಗು, ಮದುವೆ ಹಾಲಿಗೆ ಹೋಗಿ ಮೇಜುಬಟ್ಟೆ ತಾ," ಎಂದಿದ್ದೆ. ಈ ಬೀದಿಯ ಮುನ್ನೂರು ಮನೆಗಳ ಬಟ್ಟೆ ನನಗೆ ಗೊತ್ತು. ಯಾರ ಪ್ಯಾಂಟಿನ ಮೊಣಕಾಲು ಎಷ್ಟು ಸವೆದಿದೆ ಎಂದು ಗೊತ್ತು. ಅವಳ ಅಂಗಿಯ ಬಣ್ಣ ಗೊತ್ತಿರಲಿಲ್ಲ.

ಸಂಜೆ ಅವಳು ಗಂಟಿನ ಜೊತೆ ವಾಪಸ್ ಬಂದಾಗ ಅಂಗಡಿಯ ನೀಲಿ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡಿದ್ದಳು. ಯಾಕಿಷ್ಟು ತಡ ಎಂದು ರೇಗಿದ್ದೆ. ಎಣಿಸಿ ತಂದೆಯಾ ಎಂದು ಕೇಳಿದ್ದೆ. "ಅರವತ್ತೆರಡು," ಎಂದಿದ್ದಳು. ಅಷ್ಟಾದ ಮೇಲೂ ಅವಳು ಮೇಜುಬಟ್ಟೆಗಳನ್ನು ಎಣಿಸಿ ತಂದಿದ್ದಳು.

ಮದುವೆ, ಸಭೆ ಎಂದು ಬಾಡಿಗೆಗೆ ಕೊಡುವ ಆ ಹಾಲಿನ ಕೆಲಸವೇ ನಮ್ಮ ಅಂಗಡಿಯ ಅರ್ಧ ಕೆಲಸ. ಅದರ ಮ್ಯಾನೇಜರ್ ನನ್ನನ್ನು ಅಕ್ಕಾ ಎಂದೇ ಕರೆಯುವುದು. ಶನಿವಾರ ಬೆಳಿಗ್ಗೆ ಅವನೇ ಅಂಗಡಿಗೆ ಫೋನ್ ಮಾಡಿದ್ದ. "ಅಕ್ಕಾ, ಪರದೆಗಳೂ ಕೊಳೆಯಾಗಿವೆ. ಸೋಮವಾರ ನಿಮ್ಮ ನಾದಿನೀನ ಕಳಿಸ್ತೀರಾ?"

"ಕಳಿಸದೆ ಏನು?" ಎಂದಿದ್ದೆ ನಾನು. "ಖಂಡಿತ ಕಳಿಸ್ತೀನಿ."

ಲೋಟವನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ. ಬಾಗಿಲು ತಳ್ಳಿ ಒಳಗೆ ಹೋದೆ. ಗುಬ್ಬಿ ಸೋಪಿನ ಪುಡಿಯ ಚೀಲದ ಮೇಲೆ ಕೂತಿದ್ದಳು. ನನ್ನ ಮುಖ ನೋಡಿ, ನಾನು ಕೇಳಿಸಿಕೊಂಡಿದ್ದೇನೆಂದು ಅವಳಿಗೆ ತಿಳಿಯಿತು.

"ಅವನಾ?" ಎಂದೆ. "ಮ್ಯಾನೇಜರಾ?"

ತಲೆಯಾಡಿಸಿದಳು. "ಪರದೆ ಇಡೋ ಕೋಣೇಲಿ," ಎಂದಳು. ಅಷ್ಟೇ ಹೇಳಿದ್ದು. ಅದಕ್ಕಿಂತ ಹೆಚ್ಚು ನಾನೂ ಕೇಳಲಿಲ್ಲ. ಆ ಕೋಣೆ ನನಗೆ ಗೊತ್ತು. ಕಿಟಕಿಯಿಲ್ಲ. ಗೋಡೆಗೆ ಕೈ ತಾಗಿದರೆ ಸುಣ್ಣ ಉದುರುತ್ತದೆ.

ನಾನು ಕಿರುಚಿದೆನಂತೆ. ಕಿರುಚಿದ್ದು ಕೇಳಿಸಿತು, ಮಾತು ತಿಳಿಯಲಿಲ್ಲ ಎಂದು ಮಾವ ಆಮೇಲೆ ಹೇಳಿದರು. ನನಗೆ ಕೇಳಿಸಿದ್ದು ನನ್ನ ಮಾತಲ್ಲ, ಬಾಯ್ಲರಿನ ಸದ್ದು ಮಾತ್ರ. "ಈಗಲೇ ಹೋಗ್ತೀನಿ. ಅವನ ಹಾಲಿಗೇ ಹೋಗಿ ಅವನ ಕತ್ತಿನ ಪಟ್ಟಿ ಹಿಡಿದು ಬೀದಿಗೆ ಎಳೀತೀನಿ. ನಿಮ್ಮಣ್ಣನಿಗೆ ಫೋನ್ ಮಾಡ್ತೀನಿ, ವ್ಯಾನ್ ತಿರುಗಿಸಿಕೊಂಡು ಬರ್ಲಿ..." ಎನ್ನುತ್ತಾ ಜೇಬಿಗೆ ಕೈ ಹಾಕಿದೆ.

ಗುಬ್ಬಿ ತನ್ನ ಫೋನನ್ನು ನನ್ನತ್ತ ಚಾಚಿದಳು. "ಇವರ ಹತ್ತಿರ ಮಾತಾಡಿ. ನನ್ನ ಕೈಲಿ ಆಗ್ತಿಲ್ಲ."

"ಯಾರು ಇದು?"

"ಸಹಾಯವಾಣಿ."

ನಾನು ಫೋನನ್ನು ಕಿವಿಗಿಟ್ಟುಕೊಂಡೆ. ಆ ಕಡೆ ಒಬ್ಬ ಹೆಂಗಸು. ದನಿಯಲ್ಲಿ ವಯಸ್ಸು ತಿಳಿಯಲಿಲ್ಲ. ಗಾಬರಿಯೂ ಇಲ್ಲ, ಅಯ್ಯೋ ಪಾಪವೂ ಇಲ್ಲ.

"ನಮಸ್ಕಾರ. ನಿಮ್ಮನ್ನ ಏನಂತ ಕರೀಲಿ?"

"ನಾನು ಅವಳ ಅತ್ತಿಗೆ. ಆ ನಾಯಿ ಯಾರು ಅಂತ ನನಗೆ ಗೊತ್ತು, ನಾನು ಈಗಲೇ..."

"ಅತ್ತಿಗೆಯವರೇ, ಒಂದು ಕೇಳಬಹುದಾ?"

ಕೇಳಬಹುದಾ ಎಂದು ಕೇಳಿದ್ದಕ್ಕೆ ನನ್ನ ಮಾತು ನಿಂತಿತು.

"ನೀವು ನಿಂತಿದ್ದೀರಾ, ಕೂತಿದ್ದೀರಾ?"

"ನಿಂತಿದ್ದೀನಿ."

"ಅವರು?"

"ಅವಳು ಕೂತಿದ್ದಾಳೆ."

"ಹಾಗಾದ್ರೆ ನೀವೂ ಕೂತ್ಕೊಳ್ತೀರಾ? ಅವರ ಮೇಲೆ ನಿಂತು ಮಾತಾಡೋದು ಬೇಡ."

ನಾನು ಇನ್ನೊಂದು ಚೀಲದ ಮೇಲೆ ಕೂತೆ. ಹುಚ್ಚು ಕೋಪ ಬಂದಿತ್ತು. ಮನೆಗೆ ಬೆಂಕಿ ಬಿದ್ದಿರುವಾಗ ಚಪ್ಪಲಿ ಸರಿಯಾಗಿ ಬಿಡು ಎನ್ನುತ್ತಿದ್ದಾಳಲ್ಲ ಈ ಹೆಂಗಸು ಅನಿಸಿತು.

"ಈಗ ಅವರು ಏನು ಬೇಕು ಅಂತಿದ್ದಾರೆ?" ಎಂದಳು.

"ಯಾರು?"

"ನಿಮ್ಮ ನಾದಿನಿ."

ನಾನು ಗುಬ್ಬಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ನಾನು ಕಿರುಚಿದ್ದೆ, ಬೈದಿದ್ದೆ, ಹಾಲಿಗೆ ಹೊರಟಿದ್ದೆ, ಗಂಡನಿಗೆ ಫೋನ್ ಮಾಡಲು ಹೊರಟಿದ್ದೆ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಕೆಂಪು ಚೀಟಿಯನ್ನೂ ಹಾಗೆಯೇ ಕಿತ್ತಿದ್ದೆ.

"ನಾನು ಎಲ್ಲಾ ತೊಳೆದುಬಿಟ್ಟೆ," ಎಂದೆ ಫೋನಿಗೆ. ಅದೇ ಮಾತನ್ನು ಎಷ್ಟು ಸಲ ಹೇಳಿದೆನೋ. "ನನ್ನ ಕೈಯಾರೆ ತೊಳೆದೆ. ಉಪ್ಪು ಹಾಕಿ, ತಣ್ಣೀರಲ್ಲಿ, ಮೂರು ಗಂಟೆ ಕೂತು ತೆಗೆದೆ. ಅವನಿಗೆ ಸಹಾಯ ಮಾಡಿದ ಹಾಗಾಯ್ತಲ್ಲ. ಅವನು ಕೂಡ ಇಷ್ಟು ಚೆನ್ನಾಗಿ ತೊಳೀತಿರಲಿಲ್ಲ."

ಲೈನಿನಲ್ಲಿ ಇದ್ದೀರಾ ಎಂದು ಕೇಳಿದೆ.

"ಇದ್ದೀನಿ," ಎಂದಳು ಅವಳು. "ನಿಮಗೆ ಸುಳ್ಳು ಸಮಾಧಾನ ಹೇಳಲ್ಲ. ತೊಳೆಯದೆ ಇದ್ದಿದ್ರೆ ಒಳ್ಳೇದಿತ್ತು. ಆದ್ರೆ ತೊಳೆದ ಬಟ್ಟೆನೂ ಬಿಸಾಡಬೇಡಿ, ಹಾಗೇ ಪೇಪರ್ ಚೀಲದಲ್ಲಿಡಿ. ಅದರಲ್ಲಿ ಏನಾದ್ರೂ ಸಿಗುತ್ತಾ ಇಲ್ವಾ ಅಂತ ಹೇಳಬೇಕಾದವರು ಪರೀಕ್ಷೆ ಮಾಡೋರು. ನೀವೂ ಅಲ್ಲ, ನಾನೂ ಅಲ್ಲ. ಇನ್ನೊಂದು ಮಾತು. ಇದನ್ನ ಅವರಿಗೂ ಕೇಳೋ ಹಾಗೆ ಸ್ಪೀಕರ್ ಹಾಕ್ತೀರಾ? ಅವರಿಗೆ ಒಪ್ಪಿಗೆ ಇದ್ರೆ."

"ಸ್ಪೀಕರ್ ಹಾಕ್ಲಾ?" ಎಂದು ಗುಬ್ಬಿಯನ್ನು ಕೇಳಿದೆ. ಅವಳು ಹೂಂ ಎಂದಳು.

"ಆಸ್ಪತ್ರೆಗೆ ಬನ್ನಿ ಅಂತ ನಾನು ಶನಿವಾರ ಹೇಳಿದ್ದು ಬಟ್ಟೆ ತೋರಿಸೋಕಲ್ಲ," ಎಂದಿತು ಫೋನಿನ ದನಿ. "ನಿಮಗೋಸ್ಕರ. ನಿಮ್ಮ ಮೈಯನ್ನ ಡಾಕ್ಟರ್ ನೋಡಬೇಕು. ಕೆಲವು ಔಷಧಿ ಮೂರು ದಿನದ ಒಳಗೆ ಶುರು ಮಾಡಬೇಕು. ಶುಕ್ರವಾರ ಸಂಜೆ ಅಂದ್ರಿ, ಅಂದ್ರೆ ಇವತ್ತು ಸಂಜೆಗೆ ಮೂರು ದಿನ. ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ದೂರು ಕೊಡೋದು ಬಿಡೋದು ಬೇರೆ ಮಾತು. ಅದನ್ನ ಈ ಗಳಿಗೆಯಲ್ಲೇ ತೀರ್ಮಾನ ಮಾಡಬೇಕಾಗಿಲ್ಲ. ನಮ್ಮವರು ಅಲ್ಲಿ ನಿಮ್ಮ ಜೊತೆ ಇರ್ತಾರೆ, ಒಂದೊಂದಾಗಿ ಬಿಡಿಸಿ ಹೇಳ್ತಾರೆ. ಬೇಡ ಅಂದ್ರೆ ಎದ್ದು ಬರಬಹುದು. ಏನಂತೀರಿ? ಈಗಲೇ ಹೇಳಬೇಕು ಅಂತಿಲ್ಲ. ನಾನು ಕಾಯ್ತೀನಿ."

ಆ ಹೆಂಗಸು ನಿಜವಾಗಿಯೂ ಕಾದಳು. ನನಗೆ ತಡೆಯಲಾಗಲಿಲ್ಲ, ಹೋಗೋಣ ಕಣೇ, ಏಳೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಕೆನ್ನೆಯನ್ನು ಒಳಗಿಂದ ಕಚ್ಚಿಕೊಂಡೆ.

"ಶನಿವಾರ ನಾಲ್ಕು ಸಲ ಫೋನ್ ಮಾಡಿದೆ ಇವರಿಗೆ," ಎಂದಳು ಗುಬ್ಬಿ, ನನಗೆ. "ಮೂರು ಸಲ ಎತ್ತಿದ ತಕ್ಷಣ ಇಟ್ಟೆ. ನಾಲ್ಕನೇ ಸಲ ಮಾತೇ ಬರಲಿಲ್ಲ. ಮಾತಾಡದೆ ಇದ್ರೂ ಪರವಾಗಿಲ್ಲ, ನಾನಿದ್ದೀನಿ ಅಂದ್ರು. ಎಷ್ಟೋ ಹೊತ್ತು ಹಾಗೇ ಇದ್ರು. ಆಸ್ಪತ್ರೆ ಏಪ್ರನ್ ತರೋಕೆ ಹೋಗ್ತೀನಲ್ಲ, ಅಲ್ಲಿ ಹೆಂಗಸರ ಟಾಯ್ಲೆಟ್ಟಿನ ಬಾಗಿಲ ಹಿಂದೆ ಈ ನಂಬರ್ ಅಂಟಿಸಿದ್ದಾರೆ. ಎಷ್ಟು ಸಲ ಓದಿದ್ದೆ. ನನಗೆ ಯಾಕೆ ಬೇಕು ಅಂದ್ಕೊಂಡಿದ್ದೆ."

"ನನಗೆ ಮಾಡಬಾರದಿತ್ತಾ ಕಣೇ? ನಾನು ಎರಡು ರಸ್ತೆ ಆಚೆ ಇದ್ದೆ."

ಗುಬ್ಬಿ ತಲೆಯೆತ್ತಿದಳು. "ಅತ್ತಿಗೆ, ಆಗ ಮಾವನಿಗೆ ಹೇಳ್ತಿದ್ರಲ್ಲ. ಹೊಸ ಅಂಗಿ ಹಾಕ್ಕೊಂಡು ಕುಣಿಯೋಕೆ ಹೋಗಿದ್ಲು ಅಂತ."

"ನೀನು ಅಂತ ಗೊತ್ತಿದ್ರೆ ಹಾಗೆ ಹೇಳ್ತಿದ್ನೇನೇ?"

"ಗೊತ್ತು. ನಾನು ಅಂತ ಗೊತ್ತಿದ್ರೆ ಹೇಳ್ತಿರಲಿಲ್ಲ." ಅವಳು ನನ್ನನ್ನೇ ನೋಡುತ್ತಿದ್ದಳು. "ಬೇರೆ ಯಾರೋ ಆಗಿದ್ರೆ?"

ಫೋನು ನಮ್ಮಿಬ್ಬರ ನಡುವೆ ಸೋಪಿನ ಚೀಲದ ಮೇಲೆ ಬೆಳಗುತ್ತಾ ಬಿದ್ದಿತ್ತು. ಆ ಕಡೆಯವಳು ನನ್ನ ನೆರವಿಗೆ ಬರುತ್ತಾಳೆ ಅಂದುಕೊಂಡಿದ್ದೆ, ಬರಲಿಲ್ಲ. ಮಾವ ನಕ್ಕಿದ್ದು, ನಾನು ನಕ್ಕಿದ್ದು, ಎಲ್ಲ ಆ ಪುಟ್ಟ ಕೋಣೆಯೊಳಗೆ ಮತ್ತೊಮ್ಮೆ ಕೇಳಿಸಿತು.

"ತಪ್ಪಾಯ್ತು," ಎಂದೆ.

ಅವಳು ಪರವಾಗಿಲ್ಲ ಎನ್ನಲಿಲ್ಲ.

"ಅತ್ತಿಗೆಯವರೇ," ಎಂದಿತು ಫೋನು. "ತೊಳೆಯೋಕೆ ಮುಂಚೆ ಆ ಬಟ್ಟೆ ನೋಡಿದವರು ನೀವು ಅಲ್ವಾ? ಏನು ನೋಡಿದ್ರಿ ಅಂತ ನೆನಪಿದೆಯಾ? ನೆನಪಿದ್ರೆ, ಅವರಿಗೆ ಒಪ್ಪಿಗೆ ಇದ್ರೆ, ಮರೆಯೋಕೆ ಮುಂಚೆ ಒಂದು ಕಡೆ ಬರೆದಿಡಿ."

"ಬರೆದಿದೆ," ಎಂದೆ.

ಹೇಳಿದ ಮೇಲೆಯೇ ನನಗೆ ಹೊಳೆದದ್ದು. ಬರೆದಿತ್ತು. ನಮ್ಮಲ್ಲಿ ಯಾವ ಬಟ್ಟೆಯನ್ನೂ ನೀರಿಗೆ ಹಾಕುವ ಮೊದಲು ಅದರಲ್ಲಿರುವ ಕಲೆ, ಹರಕು, ಇಲ್ಲದ ಗುಂಡಿ ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಯುತ್ತೇವೆ. ನೀವೇ ಹರಿದದ್ದು ಎಂದು ಗಿರಾಕಿ ಆಮೇಲೆ ತಕರಾರು ತೆಗೆಯದಿರಲಿ ಎಂದು. ಕೇಳುವ ನಿಯಮ ಮುರಿದವಳು ಬರೆಯುವ ನಿಯಮವನ್ನು ಒಂದು ದಿನವೂ ಮುರಿದಿಲ್ಲ. ಕೇಳುವುದು ಬೇರೆಯವರಿಗೋಸ್ಕರ, ಬರೆಯುವುದು ನಮಗೋಸ್ಕರ, ಅದಕ್ಕೇ ಇರಬೇಕು.

ಹೊರಗೆ ಹೋಗಿ ರಿಜಿಸ್ಟರ್ ತಂದೆ. ಮಾವ ತಣ್ಣಗಾದ ಇಸ್ತ್ರಿ ಪೆಟ್ಟಿಗೆಯ ಮುಂದೆ ಸುಮ್ಮನೆ ನಿಂತಿದ್ದರು.

"ಓದಲಾ?" ಎಂದು ಗುಬ್ಬಿಯನ್ನು ಕೇಳಿದೆ.

"ಓದಿ."

ಓದಿದೆ. ನನ್ನದೇ ಅಕ್ಷರ. ಭಾನುವಾರದ ತಾರೀಕು, ಬೆಳಿಗ್ಗೆ ಹತ್ತೂ ಕಾಲು.

"ಬೂದು ಅಂಗಿ ಒಂದು. ಹೊಸದು, ಇದುವರೆಗೆ ನೀರು ಕಂಡಿಲ್ಲ. ಎಡ ಭುಜದ ಹೊಲಿಗೆ ನಾಲ್ಕು ಬೆರಳಿನಷ್ಟು ಬಿಟ್ಟಿದೆ. ಸವೆದು ಬಿಟ್ಟಿದ್ದಲ್ಲ, ಎಳೆದದ್ದು. ಮೇಲಿನ ಎರಡು ಗುಂಡಿ ಬಟ್ಟೆಯ ಸಮೇತ ಕಿತ್ತು ಬಂದಿವೆ. ಬಲಗೈ ಕಫ್ಫಿನಲ್ಲಿ ರಕ್ತ, ಮೂರು ಕಡೆ. ಬೆನ್ನ ತುಂಬಾ ಸುಣ್ಣ, ಗೋಡೆಗೆ ಒತ್ತಿದಂತೆ. ಕಪ್ಪು ಪ್ಯಾಂಟು ಒಂದು. ಜಿಪ್ ಮುರಿದಿದೆ. ಸೊಂಟದ ಪಟ್ಟಿ ಒಂದು ಕಡೆ ಹರಿದಿದೆ. ಒಳಬದಿ ಕಲೆ, ರಕ್ತವೂ ಬೇರೆಯೂ."

ಓದುತ್ತಾ ಹೋದಂತೆ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಾಯಿತು. ಎಲ್ಲವೂ ಅಲ್ಲಿತ್ತು. ಒಂದು ಕೋಣೆ, ಒಂದು ಗೋಡೆ, ಒಬ್ಬಳು ಒದ್ದಾಡಿದ್ದು, ಎಲ್ಲ. ನಾನೇ ನೋಡಿ, ನಾನೇ ಬರೆದಿದ್ದೆ. 'ಎಳೆದದ್ದು' ಎಂದು ಬರೆದಿದ್ದೆ. ಯಾರು ಎಳೆದದ್ದು ಎಂದು ನನ್ನ ಮನಸ್ಸು ಕೇಳಿರಲಿಲ್ಲ. ಉಪ್ಪು ಎಷ್ಟು ಹಾಕಬೇಕು ಎಂದು ಕೇಳಿತ್ತು.

ಗುಬ್ಬಿ ಅಳುತ್ತಿದ್ದಳು. ಸದ್ದಿಲ್ಲದೆ, ಬಾಯಿ ತೆರೆದುಕೊಂಡು, ಚಿಕ್ಕಂದಿನಲ್ಲಿ ಬಿದ್ದು ಮೊಣಕೈ ತರಚಿದಾಗ ಅಳುತ್ತಿದ್ದ ಹಾಗೆ. "ಹೌದು," ಎಂದಳು. "ಹಾಗೇ ಆಗಿದ್ದು. ನಾನೇ ಏನೋ ಹೆಚ್ಚುಕಮ್ಮಿ ನೆನಪಿಟ್ಕೊಂಡಿದ್ದೀನೇನೋ ಅಂತ ಅನಿಸ್ತಿತ್ತು. ಎರಡು ದಿನದಿಂದ."

ಮುಟ್ಟಲಾ ಎಂದು ಕೇಳಿದೆ. ಅವಳೇ ಮುಂದೆ ಬಗ್ಗಿ ನನ್ನ ಮಡಿಲಿಗೆ ಹಣೆ ಇಟ್ಟಳು. ಫೋನಿನವಳು ಕಾಯುತ್ತಿದ್ದಳು.

ಎಷ್ಟು ಹೊತ್ತಾಯಿತೋ, ಗುಬ್ಬಿ ಮುಖ ಒರೆಸಿಕೊಂಡು ಫೋನನ್ನು ಕೈಗೆತ್ತಿಕೊಂಡಳು. "ಹನ್ನೊಂದಕ್ಕೇ ಬರ್ತೀನಿ," ಎಂದಳು ಅದಕ್ಕೆ. "ನಮ್ಮತ್ತಿಗೆನೂ ಬರ್ತಾರೆ. ಒಳಗೆ ಬರಬೇಕೋ ಬೇಡವೋ ಅಲ್ಲಿಗೆ ಹೋದ್ಮೇಲೆ ಹೇಳ್ತೀನಿ."

"ಆಯ್ತು. ಗೇಟಿನ ಹತ್ತಿರ ಹಸಿರು ಛತ್ರಿ ಹಿಡಿದವರು ನಿಂತಿರ್ತಾರೆ. ನಡುವೆ ಯಾವಾಗ ಬೇಕಾದ್ರೂ ಈ ನಂಬರಿಗೆ ಮಾಡಿ. ನಾನಿಲ್ಲದಿದ್ರೆ ಇನ್ನೊಬ್ಬರು ಇರ್ತಾರೆ."

"ಅಣ್ಣನಿಗೆ ಈಗಲೇ ಹೇಳಬೇಡಿ," ಎಂದಳು ಗುಬ್ಬಿ, ಫೋನ್ ಇಟ್ಟ ಮೇಲೆ.

ಹದಿನೇಳು ವರ್ಷದಲ್ಲಿ ನಾನು ಗಂಡನಿಂದ ಒಂದು ಬಟ್ಟೆಪಿನ್ನು ಕಳೆದದ್ದನ್ನೂ ಮುಚ್ಚಿಟ್ಟವಳಲ್ಲ. ವ್ಯಾನಿನಲ್ಲಿ ಮನೆಮನೆಗೆ ಬಟ್ಟೆ ತಲುಪಿಸುತ್ತಾ ಅವರು ಊಟದ ಹೊತ್ತಿಗೆ ಬರುವವರಿದ್ದರು.

"ನೀನು ಹೇಳು ಅಂದಾಗ ಹೇಳ್ತೀನಿ," ಎಂದೆ.

ಅಂಗಿ, ಪ್ಯಾಂಟನ್ನು ಆ ಕಂದು ಚೀಲಕ್ಕೇ ಮತ್ತೆ ಹಾಕಿದೆವು. ರಿಜಿಸ್ಟರನ್ನೂ ತೆಗೆದುಕೊಂಡು ಹೋಗುವುದೆಂದಾಯಿತು. ಮುಚ್ಚುವ ಮೊದಲು ಗುಬ್ಬಿ ಆ ಪುಟವನ್ನು ಇನ್ನೊಮ್ಮೆ ನೋಡಿದಳು. ಗಿರಾಕಿಯ ಹೆಸರು ಎಂಬ ಕಡೆ ಖಾಲಿ ಇತ್ತು. ಕೌಂಟರಿನ ದಾರ ಕಟ್ಟಿದ ಪೆನ್ನು ತೆಗೆದುಕೊಂಡು, ದಿನಕ್ಕೆ ನೂರು ಸಲ ಬೇರೆಯವರ ಹೆಸರು ಬರೆಯುವ ಆ ದುಂಡು ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಗುಬ್ಬಿ ಅಂತಲ್ಲ, ಪೂರ್ತಿ ಹೆಸರು.

"ಎಲ್ಲಿಗಮ್ಮ ಇಬ್ಬರೂ?" ಎಂದರು ಮಾವ. ಅವರ ಕಣ್ಣು ನನ್ನ ಮೇಲಿತ್ತು. ಯಾವ ಪ್ರಶ್ನೆಗೂ ಉತ್ತರ ಕೊಡುವವಳು ನಾನು ತಾನೇ. ಬಾಯಿ ತೆರೆದೆ, ಮುಚ್ಚಿದೆ.

"ಆಸ್ಪತ್ರೆಗೆ, ಮಾವ," ಎಂದಳು ಗುಬ್ಬಿ.

"ಯಾರಿಗೇನಾಯ್ತು?"

"ನನಗೆ."

ಮಾವ ಅವಳ ಕೈಯಲ್ಲಿದ್ದ ಕಾಗದದ ಚೀಲ ನೋಡಿದರು. ಚೀಲದ ಬಾಯಿಂದ ಬೂದು ತೋಳು ಒಂದಿಷ್ಟು ಹೊರಗೆ ಕಾಣುತ್ತಿತ್ತು. ಅರ್ಧ ಗಂಟೆ ಮೊದಲು ತಾವು ಏನಕ್ಕೆ ನಕ್ಕಿದ್ದು ಎಂದು ಅವರಿಗೆ ಹೊಳೆದದ್ದನ್ನು ನಾನು ಕಣ್ಣಾರೆ ಕಂಡೆ. ಮುದುಕರ ಮುಖ ಅಷ್ಟು ಬೇಗ ಬಿಳುಚುತ್ತದೆಂದು ನನಗೆ ಗೊತ್ತಿರಲಿಲ್ಲ. ಮೇಜಿನ ಅಂಚು ಹಿಡಿದುಕೊಂಡರು.

ಆಗ ಕೌಂಟರಿನ ಫೋನು ಹೊಡೆದುಕೊಂಡಿತು. ಮೇಲೆ ನಂಬರು ಮೂಡಿತು. ಆ ನಂಬರು ನಮ್ಮ ಮೂವರಿಗೂ ಬಾಯಿಪಾಠ. ಮದುವೆ ಹಾಲಿನದು.

ನನ್ನ ಕೈ ತಾನಾಗಿಯೇ ಫೋನಿನ ಮೇಲೆ ಹೋಯಿತು. ಗಂಟಲಿಗೆ ಬೈಗುಳ ಬಂದು ಕೂತಿತ್ತು. ಎತ್ತಿದ್ದರೆ ಏನೇನು ಹೇಳುತ್ತಿದ್ದೆನೋ. ಅವನಿಗೆ ಸುಳಿವು ಸಿಕ್ಕಿಬಿಡುತ್ತಿತ್ತು, ಅಷ್ಟಂತೂ ಖಂಡಿತ. ಕೈಯನ್ನು ಅಲ್ಲೇ ಇಟ್ಟು ಗುಬ್ಬಿಯ ಕಡೆ ತಿರುಗಿದೆ.

"ಎತ್ತಲಾ?"

ಫೋನು ಮೂರನೇ ಸಲ ಹೊಡೆದುಕೊಂಡಿತು, ನಾಲ್ಕನೇ ಸಲ ಹೊಡೆದುಕೊಂಡಿತು. ಅವಳು ಯೋಚಿಸುತ್ತಿದ್ದಳು. ನಾನು ಕಾದೆ.

"ಬೇಡ," ಎಂದಳು. ಆಮೇಲೆ, "ಮಾವ, ನೀವು ಎತ್ತಿ. ಪರದೆಗೆ ಇವತ್ತು ಯಾರೂ ಬರಲ್ಲ ಅನ್ನಿ. ಬೇರೇನೂ ಹೇಳಬೇಡಿ."

ಮಾವ ಫೋನಿನ ಹತ್ತಿರ ಬಂದರು. ಎತ್ತುವ ಮೊದಲು ತಮ್ಮ ಕೈಯನ್ನು ಪಂಚೆಯ ಮೇಲಿದ್ದ ಏಪ್ರನ್ನಿಗೆ ಎರಡು ಸಲ ಒರೆಸಿಕೊಂಡರು. ನಾವು ಹೊರಗೆ ಬಂದೆವು. ಬೀದಿಯಲ್ಲಿ ಚುರುಕು ಬಿಸಿಲು. ಗುಬ್ಬಿ ಚೀಲವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಯಾವ ರಸ್ತೆಯಿಂದ ಹೋಗೋಣ ಎಂದು ಅವಳನ್ನು ಕೇಳಿದೆ.